ದಾಸವಾಳದ ಗೆಲ್ಲು ಕೇಳಿ ಬಂದವರು

ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಓದು, ಟಿವಿ ಎರಡನ್ನೂ ನಿಲ್ಲಿಸಿದ್ದರು. ತೆಕ್ಕಟ್ಟೆಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಅವರನ್ನು ಸುಮ್ಮನೆ ಕೂರಿಸುವುದೇ ಹರಸಾಹಸ. ಹಾಗಾಗಿ ನಾನು ಓದುತ್ತಿದ್ದ ಕಾದಂಬರಿಯನ್ನೇ ಗಟ್ಟಿಯಾಗಿ ಓದತೊಡಗಿದೆ.

ಬಸ್ರೂರು ಬಂದರಿನ ತುಂಬ ಹಡಗುಗಳಿದ್ದ ಕಾಲದ ಪ್ರೇಮಕಥೆ ಅದು. ಅಕ್ಕಿ ವ್ಯಾಪಾರಿಯೊಬ್ಬನ ಗುಟ್ಟು ತಿಳಿಯಲು ರಾಣಿ ತನ್ನ ಗೂಢಚಾರಿಣಿಯೊಬ್ಬಳನ್ನು ಹೂ ಮಾರುವವಳ ವೇಷದಲ್ಲಿ ಕಳಿಸುತ್ತಾಳೆ. ಅವಳೋ ಬಂದ ಕೆಲಸ ಮರೆತು ಅವನ ಜೊತೆ ಜಗಳಕ್ಕೇ ನಿಲ್ಲುತ್ತಾಳೆ. ಅವರಿಬ್ಬರ ಮಾತಿನ ಚಕಮಕಿಗೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅತ್ತೆ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ತಪ್ಪು ಹುಡುಕುತ್ತಿದ್ದರು.

"ಎಂತ ಗೂಢಚಾರಿಕೆ ಇದ್? ಹೂ ಮಾರುಕೆ ಹೋಪುದಲ್ಲ, ಹೂವಿನ ಗೆಲ್ಲ್ ಕೇಂಬುಕೆ ಹೋಯ್ಕ್. ಯಾರಿಗೂ ಸಂಶಯ ಬತ್ತಿಲ್ಲ. ನಿಮ್ಮನಿಗೆ ನಾ ಹಾಂಗೇ ಬಂದದ್ದ್."

ಪುಸ್ತಕ ನನ್ನ ಕೈಯಿಂದ ಜಾರಿ ಬಿತ್ತು.

ನಮ್ಮ ಕಡೆ ಸಂಬಂಧ ಕುದುರುವ ಮೊದಲು ಗುಟ್ಟಾಗಿ ವಿಚಾರಿಸುವುದು ಇದ್ದದ್ದೇ. ಅಂಗಡಿಯಲ್ಲಿ, ಪಕ್ಕದ ಮನೆಯಲ್ಲಿ ಕೇಳುತ್ತಾರೆ. ಆದರೆ ಹುಡುಗನ ತಾಯಿಯೇ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಬಂದು, ನೆಡಲು ದಾಸವಾಳದ ಟೊಂಗೆ ಕೇಳುವ ನೆಪದಲ್ಲಿ ನನ್ನ ತವರಿನ ಅಂಗಳಕ್ಕೆ ಕಾಲಿಡುವುದೆಂದರೆ! ಹೆಣ್ಣು ನೋಡುವ ಶಾಸ್ತ್ರದ ದಿನ ಇದೇ ಅತ್ತೆ ಏನೂ ಅರಿಯದವರಂತೆ ನನ್ನ ಹೆಸರು ಕೇಳಿದ್ದರು. ಮದುವೆಯಾಗಿ ಬಂದ ಮೇಲೂ, ಇಲ್ಲಿನ ಹಳದಿ ದಾಸವಾಳ ನನ್ನ ತವರಿನದರ ಹಾಗೇ ಇದೆ ಎಂದು ನಾನೆಷ್ಟು ಸಲ ಹೇಳಿದರೂ "ಹೌದಾ?" ಎಂದು ಸುಮ್ಮನಾಗಿದ್ದರು.

"ನಂಗೆ ನಿಮ್ಮನ್ನ್ ಕಂಡ ನೆನ್ಪೇ ಇಲ್ಲ ಅತ್ತೆ."

"ನೀ ತಲೆ ಎತ್ತಿರೆ ಅಲ್ದಾ ಕಾಂಬುದ್! ಜಗಲಿಯಂಗೆ ಕೂಕಂಡ್ ಪುಸ್ತಕ ಓದ್ತಿದ್ದೆ. 'ಅಲ್ಲೇ ಇತ್ತ್, ಮುರ್ಕಣಿ' ಅಂದೆ, ಅಷ್ಟೇ."

ಮನೆಗೆ ಬಂದವರ ಮುಖವನ್ನೂ ನೋಡದ ಹುಡುಗಿ ಎಂದೇ ಹೋಗಿ ಹೇಳಿರಬೇಕು. ಹಾಗಾದರೆ ಈ ಮದುವೆಗೆ ಅತ್ತೆಯ ಮನಸ್ಸೇ ಇರಲಿಲ್ಲವೇ? ನನಗೆ ಕೇಳದೆ ಇರಲಾಗಲಿಲ್ಲ.

"ಮನಿಗೆ ಹೋಯಿ ಎಂತ ಹೇಳಿರಿ?"

"ಸಿಟ್ಟ್ ಬಂದಿತ್ತ್. ಗೇಟಿನ ಹತ್ರ ಹೋಪತಿಗೆ ಹಿಂದಿಂದ ನೆಗಿ ಕೇಂತ್. ತಿರ್ಗಿ ಕಂಡ್ರೆ ನೀ ಒಬ್ಳೇ ಪುಸ್ತಕ ಕಂಡ್ಕಂಡ್ ನೆಗಾಡ್ತಿದ್ದೆ. ನಿನ್ನ ಮಾವ ಹೋದ ಮೇಲೆ ನಮ್ಮನಿಯಂಗೆ ಯಾರೂ ಹಾಂಗೆ ನೆಗಾಡಿರ್ಲಿಲ್ಲ. ಇದೇ ಹೆಣ್ಣ್ ಆಯ್ಕ್ ಅಂದೆ."

ಈ ಸಲ ನಾನು ತಲೆ ಎತ್ತಿ ಅವರ ಮುಖವನ್ನೇ ನೋಡಿದೆ.

"ಪುಸ್ತಕ ಎತ್ತ್ ಮಾರಾಯ್ತಿ, ನಂಗೆ ಬಗ್ಗುಕಾಗ. ಅವ್ಳಿಗೆ ಅವ ಸಿಕ್ತನಾ ಇಲ್ಯಾ ಕಾಂಬ."

ಎತ್ತಿಕೊಂಡು ಓದಿದೆ. ಜಗಳದ ಆ ಪುಟ ನಗು ಬರಿಸುವಂಥದ್ದೇ. ನನಗೆ ಮಾತ್ರ ನಗು ಬರಲಿಲ್ಲ. ಆವತ್ತು ಅತ್ತೆಯೇ ನಕ್ಕರು.