ದೋಮ್ ಅಲ್ಲ, ಸೋಮ್

ನಿಜಾಮರ ಆಡಳಿತ ಹೋಗಿ ಕೆಲವೇ ವರ್ಷಗಳಾಗಿದ್ದವು. ಶಹಾಪುರದ ಕಚೇರಿಯಲ್ಲಿ ಉರ್ದು ಕಾಗದಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವ ಕೆಲಸ ನನ್ನದು. ಒಂದು ದಿನ ವನದುರ್ಗದ ಮಾಸ್ತರರೊಬ್ಬರು ನಿಜಾಮರ ಕಾಲದ, ಉರ್ದುವಿನಲ್ಲಿದ್ದ ತಮ್ಮ ಬಿ.ಎ. ಅಂಕಪಟ್ಟಿ ಹಿಡಿದುಕೊಂಡು ಬಂದರು. ಧಾರವಾಡದಲ್ಲಿ ಎಂ.ಎ. ಓದಲು ಅರ್ಜಿ ಹಾಕಬೇಕಿತ್ತು. ಎರಡನೇ ದರ್ಜೆಗಿಂತ ಕೆಳಗಿನವರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಪಟ್ಟಿಯಲ್ಲಿ ದರ್ಜೆ ಬರೆದ ಕಡೆ ಮಸಿ ಹರಡಿತ್ತು. ಉರ್ದುವಿನಲ್ಲಿ ಎರಡನೆಯದು ‘ದೋಮ್’, ಮೂರನೆಯದು ‘ಸೋಮ್’. ಬರೆದಾಗ ಮೊದಲಕ್ಷರವೊಂದೇ ಬೇರೆ. ನಾನು ದೋಮ್ ಎಂದು ಓದಿಕೊಂಡು ಎರಡನೇ ದರ್ಜೆ ಅಂತ ಬರೆದುಕೊಟ್ಟೆ. ಮಾಸ್ತರರು ನಿಂತಲ್ಲೇ ಅದನ್ನು ಓದಿ, ಹಾಳೆಯನ್ನು ನನ್ನ ಮುಂದೆ ಇಟ್ಟರು.

“ಇದು ಸೋಮ್ ಅದರಿ. ನಾ ಮೂರನೇ ದರ್ಜಾದಾಗ ಪಾಸಾಗೀನಿ.”

ತಪ್ಪು ನನ್ನದೇ. ಆದರೂ ಅವರ ಮುಖ ನೋಡಿ, “ಇರ್ಲಿ ಬಿಡ್ರಿ ಮಾಸ್ತರ್. ಅಲ್ಲಿ ಉರ್ದು ಓದಾವ್ರು ಯಾರದಾರ?” ಅಂದೆ.

“ನಾ ಇರ್ತೀನಲ್ರಿ,” ಅಂದರು ಸಮಾಧಾನವಾಗಿ.

ನಾಚಿಕೆಯಾಗಿ ಬೇರೆ ಹಾಳೆ ತೆಗೆದು ಬರೆದೆ. ಆ ವರ್ಷ ಅವರ ಅರ್ಜಿ ತಿರಸ್ಕಾರವಾಯಿತು. ಸುದ್ದಿ ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಅವರು ಮಾತ್ರ ಮತ್ತೆ ಪರೀಕ್ಷೆಗೆ ಕೂತರು. ಮರುವರ್ಷ ಹೊಸ ಅಂಕಪಟ್ಟಿ ತಂದು ನನ್ನ ಮೇಜಿನ ಮೇಲೆ ಹರಡಿದರು. ಎರಡನೇ ದರ್ಜೆ. ನಾನು ಖುಷಿಯಿಂದ ಪೆನ್ನು ತೆಗೆದೆ.

“ಬರೀಬ್ಯಾಡ್ರಿ, ಸುಮ್ಮ ತೋರಸ್ಲಾಕ ಬಂದೀನಿ,” ಅಂದರು.

ಪಟ್ಟಿ ಈ ಸಲ ಇಂಗ್ಲಿಷಿನಲ್ಲೇ ಅಚ್ಚಾಗಿತ್ತು, ತರ್ಜುಮೆ ಬೇಕಿರಲಿಲ್ಲ. ಮಾಸ್ತರರು ಧಾರವಾಡಕ್ಕೆ ಹೋದರು. ನಾನೂ ಬೇರೆ ಕೆಲಸಕ್ಕೆ ಅರ್ಜಿ ಬರೆಯುವುದು ಒಳ್ಳೆಯದೆಂದು ಆವತ್ತೇ ಗೊತ್ತಾಯಿತು.