ಮೇಣದಬತ್ತಿ ಹಚ್ಚಿದ್ದು ಯಾರು?

"ಅಯ್ಯೋ, ಇದೇ ಮನೆ! ಇದೇ ಪಿಚ್ಚರು!" ಎಂದು ನಾನು ಕೂಗಿದ ಕೂಗಿಗೆ ಟಿ.ವಿ. ಮುಂದೆ ಕೂತಿದ್ದವರೆಲ್ಲ ಬೆಚ್ಚಿಬಿದ್ದರು. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಇಟ್ಟಮಡುವಿನ ನಮ್ಮ ಮನೆಗೆ ಬಾಡಿಗೆ ವಿಸಿಆರ್ ತಂದಿದ್ದೆವು. ಅಂಗಡಿಯವನು ಕನ್ನಡ ಚಿತ್ರದ ಡಬ್ಬದಲ್ಲಿ ಯಾವುದೋ ಹಳೇ ಲಂಡನ್ ಸಿನಿಮಾದ ಕ್ಯಾಸೆಟ್ ಹಾಕಿ ಕೊಟ್ಟುಬಿಟ್ಟಿದ್ದ.

"ಅಜ್ಜಿ, ಇಂಗ್ಲಿಷು! ನಿಂಗೇನ್ ಅರ್ಥ ಆಗತ್ತೆ? ತೆಗೀತೀನಿ" ಎಂದಳು ಮೊಮ್ಮಗಳು.

"ಮುಟ್ಟಿದ್ರೆ ಕೈ ಮುರೀತೀನಿ ನೋಡು!"

ನಮ್ಮ ಯಜಮಾನರು ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಥಿಯೇಟರಿನಲ್ಲಿ ಗೇಟ್ ಕಾಯುತ್ತಿದ್ದರು. ಮಗ ಕೈಗೂಸಾಗಿದ್ದಾಗ ಈ ಚಿತ್ರಕ್ಕೆ ನನ್ನನ್ನು ಕರೆದೊಯ್ದಿದ್ದರು. ಜನವೇ ಇರಲಿಲ್ಲ. ಚಿತ್ರದಲ್ಲಿ, ಬೀಗ ಹಾಕಿದ ಕೋಣೆಯೊಂದರಲ್ಲಿ ದಿನಾ ಬೆಳಗ್ಗೆ ಒಂದು ಮೇಣದಬತ್ತಿ ಉರಿಯುತ್ತಿರುತ್ತದೆ. ಹಚ್ಚಿದವರು ಯಾರೆಂದು ತಿಳಿಯದೆ ಮನೆಯೊಡತಿ ಹುಚ್ಚಿಯಂತಾಗುತ್ತಾಳೆ. ಅಷ್ಟರಲ್ಲಿ ಮಗು ಅತ್ತಿತು, ಎದ್ದು ಬಂದೆ. ಮೂರೇ ದಿನಕ್ಕೆ ಚಿತ್ರವನ್ನು ಥಿಯೇಟರಿನಿಂದ ತೆಗೆದುಬಿಟ್ಟರು. ಕೊನೆ ಹೇಳಿ ಎಂದು ಎಷ್ಟು ಗೋಗರೆದರೂ, "ಹೇಳಿದ್ರೆ ಮಜಾ ಹೋಗತ್ತೆ ಕಣೇ. ಮತ್ತೆ ಬಂದಾಗ ಕರ್ಕೊಂಡ್ ಹೋಗ್ತೀನಿ" ಅನ್ನುತ್ತಿದ್ದರು. ಚಿತ್ರ ಮತ್ತೆ ಬರಲಿಲ್ಲ. ಅವರು ತೀರಿಕೊಂಡು ಎಂಟು ವರ್ಷವಾಯಿತು.

ಮಾತು ಒಂದೂ ಅರ್ಥವಾಗದಿದ್ದರೂ ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡಿದೆ. ದಿನಾ ನಿದ್ದೆಯಲ್ಲಿ ಎದ್ದು ನಡೆದು ಬಂದು ಬತ್ತಿ ಹಚ್ಚುತ್ತಿದ್ದವಳು ಆ ಮನೆಯೊಡತಿಯೇ! ಖುಷಿ ತಡೆಯಲಾಗದೆ ಮೊಮ್ಮಗಳನ್ನು ಎತ್ತಿ ಕುಣಿಸಿಬಿಟ್ಟೆ.

ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಈ ಚಿತ್ರದ ಬಗ್ಗೆ ನಾನೂ ಯಜಮಾನರೂ ಕೂತು ಮಾತಾಡಬಹುದಾದ ದಿನ ಕೊನೆಗೂ ಬಂದಿತ್ತು. ಅವರೇ ಇರಲಿಲ್ಲ.