ಮೊಮ್ಮಗನ ಶಿವದಾರ

ಕೊಳ್ಳೇಗಾಲದ ಸೀಮೆ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಕಾಮಗೆರೆಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಅದರ ಕೊರಳಿಗೆ ಲಿಂಗ ಕಟ್ಟುವ ಶಿವದಾರಕ್ಕೆ ಜನ ಚನ್ನಾಜಮ್ಮನ ಬಾಗಿಲಿಗೇ ಹೋಗುತ್ತಿದ್ದರು. ಆಕೆ ಶಿವನಾಮ ಹೇಳಿಕೊಂಡು ತಕಲಿ ತಿರುಗಿಸಿದರೆ ನೂಲಿನೊಳಗೇ ಆಶೀರ್ವಾದ ಇಳಿಯುತ್ತದೆಂಬ ನಂಬಿಕೆ. ಎದುರು ಮನೆಯ ಶಿವರತ್ನಮ್ಮನಿಗೆ ಅದನ್ನು ಕೇಳಿದರೇ ಮೈ ಉರಿಯುತ್ತಿತ್ತು. ಅದೇನು ನೂಲೋ, ಗೋಣಿಯ ಹುರಿಯೋ! ತನ್ನದು ಕೂದಲಿನಷ್ಟು ನಯ. ಶಿವನಾಮವನ್ನು ತಾನೇನು ಕಡಿಮೆ ಹೇಳುತ್ತಿದ್ದಳೇ? ಆದರೂ ಜನ ತನ್ನ ನೂಲನ್ನು ಕೇಳುತ್ತಿದ್ದುದು ದೀಪದ ಬತ್ತಿಗೆ.

ಕೊನೆಗೆ ಅವಳ ಸ್ವಂತ ಸೊಸೆಯೂ ಕೂಸಿಗೆಂದು ಚನ್ನಾಜಮ್ಮನ ದಾರವನ್ನೇ ತರಿಸಿದಳು. ಲಿಂಗ ಕಟ್ಟುವ ದಿನ ಬೆಳಿಗ್ಗೆ ಶಿವರತ್ನಮ್ಮ ಪೂಜೆಯ ತಟ್ಟೆಯಿಂದ ಆ ದಾರವನ್ನೆತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ಆ ಜಾಗದಲ್ಲಿ ತಾನು ನೂತ ದಾರವನ್ನಿಟ್ಟಳು.

ಮಠದಿಂದ ಬಂದ ಅಯ್ಯನವರು ಲಿಂಗ ಕಟ್ಟುತ್ತಲೇ, ಮೂರು ದಿನದಿಂದ ಚೀರುತ್ತಿದ್ದ ಕೂಸು ಸುಮ್ಮನಾಯಿತು.

“ನೋಡುದ್ರಾ ಅತ್ತೆ, ಚನ್ನಾಜವ್ವನ ಕೈಗುಣವ,” ಎಂದಳು ಸೊಸೆ.

ಹರಸಲು ಬಂದಿದ್ದ ಚನ್ನಾಜಮ್ಮ ಕೂಸಿನ ಕೊರಳ ದಾರವನ್ನು ಸವರಿದಳು. ಅದರ ನಯಕ್ಕೆ ಬೆರಳು ಅಲ್ಲೇ ನಿಂತಿತು. ತಲೆಯೆತ್ತಿದರೆ, ಶಿವರತ್ನಮ್ಮನ ಸೆರಗಿನ ಗಂಟಿನಿಂದ ತನ್ನ ದಾರದ ತುದಿ ಇಣುಕುತ್ತಿತ್ತು.

“ಊಂ ಕಣವ್ವಾ, ನಾನೇ ನೂತಿದ್ದು,” ಎಂದಳು ಚನ್ನಾಜಮ್ಮ, ಸೊಸೆಯ ಕಡೆ ತಿರುಗಿ ಮೆಲ್ಲಗೆ.

ಅದು ದಾರ ಬದಲಿಸಿದ ತನ್ನ ಮಾನ ಉಳಿಸಲು ಆಡಿದ ಸುಳ್ಳೆಂದು ಶಿವರತ್ನಮ್ಮನಿಗೆ ಗೊತ್ತಾಯಿತು. ಇಷ್ಟು ದಿನ ಅವಳ ನೂಲಿಗೆ ಮಾತ್ರ ಹೊಟ್ಟೆ ಉರಿದುಕೊಂಡರೆ ಸಾಕಾಗಿತ್ತು. ಇನ್ನು ಅವಳ ದೊಡ್ಡ ಮನಸ್ಸಿಗೂ ಉರಿದುಕೊಳ್ಳಬೇಕು.